ಮುತ್ತಪ್ಪನ ಅಂಗೈ ಮೇಲೆ ಬರೆದ ಹೊತ್ತು

ನಮ್ಮ ಖಾನಾಪುರದ ಕಡೆ ಯಾರಿಗಾದರೂ ಲಕ್ವಾ ಹೊಡೆದರೆ ಮೊದಲು ಎಣ್ಣೆ ಕಾಯಿಸುತ್ತಾರೆ. ಕೈಕಾಲು ತಿಕ್ಕುತ್ತಾರೆ. ಆಮೇಲೆ ನಾಟಿ ಔಷಧದವರ ಮನೆ ಹುಡುಕುತ್ತಾರೆ. ಆಸ್ಪತ್ರೆಯ ಮಾತು ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ.

ನನ್ನ ಮೊಮ್ಮಗಳು ನೇತ್ರಾ ಬೆಳಗಾವಿಯಲ್ಲಿ ನರ್ಸಿಂಗ್ ಓದುತ್ತಾಳೆ. ಲಕ್ವಾ ಹೊಡೆದವರು ತಡವಾಗಿ ಬರುವುದೇಕೆ ಎಂದು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಈ ವರ್ಷ ಸಂಶೋಧನೆ ಮಾಡುತ್ತಿದ್ದಾಳೆ. ಶನಿವಾರ ಊರಿಗೆ ಬಂದವಳು ಚೀಲ ಇಳಿಸುವ ಮೊದಲೇ ಶುರುಮಾಡಿದಳು.

"ಅಜ್ಜಾ, ಮೊದಲನೇ ದಿನ ಹಾಳಿ ಹಿಡಕೊಂಡು ಬಾಗಲದಾಗ ನಿಂತಿದ್ದೆ. ಸ್ಟ್ರೆಚರ್ ತಳ್ಳೋ ಕರೆಪ್ಪಣ್ಣ, 'ಬಾಜು ಸರಿಯವ್ವಾ, ಜೀವ ಉಳದ ಮ್ಯಾಲ ಪರೀಕ್ಷಾ ಬರಿ' ಅಂದ! ಈಗ ಮೊದಲು ಮನಿಯವರನ್ನ ಕುಂದರಸಿ ನೀರು ಕೊಡತೇನಿ. ಒಪ್ಪಿದ್ರಷ್ಟ ಕೇಳತೇನಿ. ಏನ್ ಸಿಕ್ಕೈತಿ ಗೊತ್ತೇನ? ದಾರ್ಯಾಗ ತಡ ಆಗೂದು ಕಡಿಮಿ. ತಡ ಆಗೂದು ಮನಿಯೊಳಗ! ಎಷ್ಟಕ್ಕ ಶುರು ಆತು ಅಂದ್ರ ಯಾರಿಗೂ ನೆನಪಿರಾಂಗಿಲ್ಲ. ಅಜ್ಜಿಗೆ ಎಷ್ಟಕ್ಕ..." ಎಂದವಳು ಮಾತು ಅರ್ಧಕ್ಕೇ ಬಿಟ್ಟು ಚೀಲ ಇಳಿಸತೊಡಗಿದಳು.

ನನಗೆ ನೆನಪಿತ್ತು. ಮೂರು ವರ್ಷದ ಹಿಂದೆ ನನ್ನ ಹೆಂಡತಿ ಬಾಳವ್ವನ ಬಾಯಿ ಸೊಟ್ಟಗಾದಾಗ ನಾನು ಲಿಂಗಪೂಜೆಯಲ್ಲಿದ್ದೆ. ನಡುವೆ ಏಳಬಾರದೆಂದು ಪೂಜೆ ಮುಗಿಸಿದೆ. ಅವಳ ಹಣೆಗೆ ವಿಭೂತಿ ಹಚ್ಚಿ, ಮಲಗಲಿ ಎಂದೆ. ಅವಳು ಮತ್ತೆ ಏಳಲಿಲ್ಲ.

"ಆರೂವರಿ," ಎಂದೆ. "ಬರಕೋ."

ಮರುದಿನ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಿದ್ದೆ. ಪಕ್ಕದ ಮನೆಯ ಕಾಡವ್ವ ಕೂಗಿಕೊಂಡಳು. ನೇತ್ರಾ ಓಡಿದಳು. ನಾನು ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸಿ, ಪೂಜೆ ಅರ್ಧಕ್ಕೇ ಬಿಟ್ಟು ಎದ್ದೆ.

ಕಾಡವ್ವನ ಗಂಡ ಮುತ್ತಪ್ಪನ ಕೈಯಿಂದ ಚಹಾದ ಕಪ್ಪು ಬಿದ್ದಿತ್ತು. "ಕಾಕಾ, ನಗರಿ. ಎರಡೂ ಕೈ ಎತ್ತರಿ. ಹೆಸರು ಹೇಳ್ರಿ," ಎಂದಳು ನೇತ್ರಾ. ಅರ್ಧ ಬಾಯಿಯಷ್ಟೇ ನಕ್ಕಿತು. ಬಲಗೈ ಜೋತುಬಿತ್ತು. ಮಾತು ತೊದಲಿತು. ಅವಳು 108ಕ್ಕೆ ಫೋನ್ ಮಾಡಿ, ಕಪ್ಪು ಬಿದ್ದ ಹೊತ್ತನ್ನು ಕಾಡವ್ವನಿಂದ ಕೇಳಿ, ಪೆನ್ನು ತೆಗೆದು ಅವನ ಅಂಗೈ ಮೇಲೆ ಬರೆದಳು: ಏಳೂ ಹತ್ತು.

ಕಾಡವ್ವ ಎಣ್ಣೆ ಬಟ್ಟಲು ತಂದಳು. "ಗಾಳಿ ಬಡದೈತಿ. ತಿಕ್ಕಿ, ಒಂದೀಟು ಬಿಸಿ ಹಾಲು ಕುಡಸೂಣು."

"ಬ್ಯಾಡ ಕಾಕೂ! ನುಂಗಾಕ ಬರದಿದ್ರ ಹಾಲು ಉಸಿರಿನ ನಳಗಿಗೆ ಹೋಗತೈತಿ. ಮೊದಲು ತಲಿ ಸ್ಕ್ಯಾನ್ ಆಗಬೇಕು. ರಕ್ತ ಹೆಪ್ಪುಗಟ್ಟಿದ್ರ ಕರಗಿಸೋ ಇಂಜೆಕ್ಷನ್ ಐತಿ. ನಾಕೂವರಿ ತಾಸಿನೊಳಗ ಕೊಡಬೇಕು."

"ಇನ್ನೂ ಓದಾಕತ್ತೀದಿ, ಡಾಕ್ಟರಗಿಂತ ಜೋರಾದಿ! ನಾಟಿ ಔಷಧ ನಾಳೆ ಸೋಮವಾರ ಕೊಡತಾರ, ಕಾಯೂಣು. ಈರಯ್ಯಜ್ಜಾರ, ನೀವರೆ ಹೇಳ್ರಿ!"

"ನಾ ಒಮ್ಮಿ ಕಾದೇನಿ, ಕಾಡವ್ವ," ಎಂದೆ. "ಬಾಳವ್ವನ ಫೋಟೋ ಗ್ವಾಡಿ ಮ್ಯಾಲ ಐತಿ."

ಅವಳು ನನ್ನ ಮಡಿಪಂಚೆ ನೋಡಿದಳು. "ಪೂಜಿ ಬಿಟ್ಟು ಬಂದೀರೇನ್ರಿ?" ಬಟ್ಟಲು ಕೆಳಗಿಟ್ಟಳು. "ನಡೀರಿ, ಹೋಗೂಣು."

ಆಂಬುಲೆನ್ಸ್ ಬೆಳಗಾವಿ ಹತ್ತಿರದ ಪೀರನವಾಡಿ ದಾಟುವಾಗಲೇ ನೇತ್ರಾ ಆಸ್ಪತ್ರೆಗೆ ಸುದ್ದಿ ಮುಟ್ಟಿಸಿದ್ದಳು. ಬಾಗಿಲಲ್ಲಿ ಕರೆಪ್ಪ ಅಂಗೈ ಓದಿ, "ಏಳೂ ಹತ್ತು! ಬಾಜು ಸರೀರಿ, ನಮ್ಮ ಪರೀಕ್ಷಾದಕಿ ಬಂದ್ಳು!" ಎಂದು ಕೂಗಿದ. ಸ್ಕ್ಯಾನ್ ಆಯಿತು. ಒಂಬತ್ತಕ್ಕೆ ಮೊದಲೇ ಇಂಜೆಕ್ಷನ್ ಆಯಿತು.

ಸಂಜೆ ಮುತ್ತಪ್ಪ ಬಲಗೈ ಬೆರಳು ಅಲ್ಲಾಡಿಸಿ, ತಡೆತಡೆದು ಕೇಳಿದ, "ಚಹಾ... ಆರೇತೇನ?"

"ಮುಂಜಾನಿ ಚೆಲ್ಲಿದ್ದನ್ನ ಈಗ ಕೇಳತಾನ ನೋಡ್ರಿ!" ಎಂದು ಕಾಡವ್ವ ನಗುತ್ತಲೇ ಅತ್ತಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು ನಾನು ಉಳಿದ ಪೂಜೆ ಮುಗಿಸಿದೆ. ಬಾಜುವಿನಲ್ಲಿ ನೇತ್ರಾ ತನ್ನ ಹಾಳೆಯಲ್ಲಿ ಆರೂವರೆಯ ಕೆಳಗೆ ಏಳೂ ಹತ್ತು ಎಂದು ಬರೆಯುತ್ತಿದ್ದಳು.

ತಾಯಂದಿರೇ, ಅಣ್ಣಂದಿರೇ, ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿರಿ. ಹೊತ್ತನ್ನು ಅಂಗೈ ಮೇಲೆ ಬರೆಯಿರಿ. ಬಾಯಿಗೆ ಏನೂ ಹಾಕಬೇಡಿರಿ. 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿರಿ. ಪೂಜೆಯಲ್ಲಿದ್ದರೂ ಏಳಿರಿ. ನಾನು ಒಮ್ಮೆ ಏಳಲಿಲ್ಲ.