ಪೊಡಿಮೆನಿಕೆಯ ಮುಡಿಪು

ಅಲಮಾರಿಯ ಮೂಲೆಯಲ್ಲಿ ಆ ಮುಡಿಪು ಸಿಕ್ಕಿದ್ದೇ ತಡ, ವಿಮಲಸೇನನ ಮನೆಯ ನೆಮ್ಮದಿ ಹಾರಿಹೋಯಿತು. ಮಗಳು ಉಪೇಖಾ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಅವಳಿಗಾಗಿ ಕೋಣೆ ಅಣಿ ಮಾಡುತ್ತಿದ್ದ ಹೆಂಡತಿ ಸುಜೀವಾಳ ಕೈಗೆ ಅರಿಸಿನ ಮೆತ್ತಿದ ಬಿಳಿ ಬಟ್ಟೆಯ ಗಂಟು ತಗುಲಿತು. ಒಳಗೆ ಒಂದು ಹಳೆಯ ನಾಣ್ಯ. ಅತ್ತೆ ಪೊಡಿಮೆನಿಕೆಯನ್ನು ಕೇಳಿದರೆ, ವಿಮಲಸೇನ ಕೂಸಾಗಿದ್ದಾಗ ಜ್ವರ ಏರಿ ಕಣ್ಣು ಮೇಲೆ ಮಾಡಿದ್ದನೆಂದೂ, ಆಗ ಕಟ್ಟಿದ ಹರಕೆ ಅದೆಂದೂ, ಮಗು ಚೇತರಿಸಿಕೊಂಡ ಮೇಲೆ ಗದ್ದೆ ಕೆಲಸದ ನಡುವೆ ಒಪ್ಪಿಸುವುದು ಹಾಗೇ ಉಳಿಯಿತೆಂದೂ ಹೇಳಿದಳು. ಯಾವ ಕ್ಷೇತ್ರದ ಹರಕೆ ಎಂಬುದು ಮಾತ್ರ ಮರೆತುಹೋಗಿದೆಯಂತೆ.

ತೀರಿಸದ ಹರಕೆ ಮನೆಯಲ್ಲಿರುವಾಗ ಹೆರಿಗೆಯೇ? ಸುಜೀವಾ ಎದೆ ಹಿಡಿದುಕೊಂಡಳು. ಗಟ್ಟಿ ಗುಂಡಿಗೆಯವನಾದ ವಿಮಲಸೇನನಿಗೂ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ತಾಯಿಯೇ ದಾರಿ ತೋರಿಸಿದಳು.

"ಹರಕೆ ಹೊತ್ತ ಜಾಗಕ್ಕೆ ಬಂದ್ರೆ ಮುಡಿಪು ಕೈಯಲ್ಲಿ ಭಾರ ಆಗುತ್ತೆ ಅಂತ ನಮ್ಮಜ್ಜಿ ಹೇಳೋಳು. ಒಂದೊಂದೇ ಕ್ಷೇತ್ರಕ್ಕೆ ನನ್ನ ಕರ್ಕೊಂಡು ಹೋಗು, ನೋಡೋಣ."

ವಿಮಲಸೇನನ ಕಸುಬೇ ಅದು. ಕುರುಣಾಗಲ ಸೀಮೆಯ ಅರ್ಧ ಜನ ಬಿಳಿ ಬಟ್ಟೆ ಉಟ್ಟು ಪುಣ್ಯಕ್ಷೇತ್ರ ಸುತ್ತಿದ್ದು ಅವನ ವ್ಯಾನಿನಲ್ಲೇ. ಆದರೆ ದೀಪದ ಬುಡದಲ್ಲಿ ಕತ್ತಲೆ. ಹೊರಡುವಾಗಲೆಲ್ಲ ಸೀಟು ಭರ್ತಿ, ತಾಯಿಗೆ ಮಾತ್ರ "ಮುಂದಿನ ಸಲ ಅಮ್ಮ". ಅವಳು ಬಾಗಿಲಲ್ಲಿ ನಿಂತು ಕೈಮುಗಿದು ಕಳಿಸುವಳು. ಹೋದ ಕಡೆ ಅವನಾದರೂ ಏನು ಕಂಡಿದ್ದ? ಜನ ಒಳಗೆ ಹೋದರೆ ವ್ಯಾನು ತೊಳೆಯುವುದು, ಅನ್ನದ ಪೊಟ್ಟಣ ಬಿಚ್ಚುವುದು, ಹಿಂದಿನ ಸೀಟಿನಲ್ಲಿ ಕಾಲು ಚಾಚುವುದು.

ಮೊದಲು ಅನುರಾಧಪುರಕ್ಕೆ ಹೋದರು. ವ್ಯಾನಿನ ಹತ್ತಿರ ಇರುತ್ತೇನೆ ಎಂದವನ ಕೈಯನ್ನು ತಾಯಿ ಬಿಡಲಿಲ್ಲ. ಬರಿಗಾಲಲ್ಲಿ ಮರಳು ತುಳಿಯುತ್ತ ಮಹಾಬೋಧಿಯ ಬಳಿ ನಿಂತರು. ಆ ಪುರಾತನ ಮರದ ಕೊಂಬೆಗಳಿಗೆ ಚಿನ್ನದ ಬಣ್ಣದ ಆಸರೆ ಕಂಬಗಳನ್ನು ಕೊಟ್ಟಿದ್ದರು. ಪೊಡಿಮೆನಿಕೆ ತಾವರೆ ಹಿಡಿದು ಬಹಳ ಹೊತ್ತು ನೋಡಿದಳು.

"ವಯಸ್ಸಾದ ಮೇಲೆ ಮರಕ್ಕೂ ಊರುಗೋಲು ಬೇಕು. ಅದಕ್ಕೆ ಚಿನ್ನದ್ದು, ನನಗೆ ನೀನು."

"ಮುಡಿಪು ಭಾರ ಆಯ್ತಾ, ಅಮ್ಮ?"

ಅಂಗೈಯಲ್ಲಿ ಗಂಟನ್ನು ತೂಗಿ ನೋಡಿ ಇಲ್ಲ ಎಂದಳು. ಬೆಳ್ಳಗೆ ಬೆಳಗುತ್ತಿದ್ದ ರುವನ್ವೆಲಿ ಸ್ತೂಪಕ್ಕೆ ಸುತ್ತು ಬಂದರು, ಅಲ್ಲೂ ಇಲ್ಲ. ದಂಬುಳ್ಳದ ಗುಹೆಗೆ ಹತ್ತಿದರು. ತಲೆಯ ಮೇಲಿನ ಬಂಡೆಯ ಏರುತಗ್ಗನ್ನೇ ಅನುಸರಿಸಿ ಬರೆದ ಚಿತ್ರಗಳನ್ನು ಕತ್ತು ನೋಯುವಷ್ಟು ನೋಡಿ, ಇದನ್ನು ಬರೆದವರು ಅಂಗಾತ ಮಲಗಿಯೇ ಮುದುಕರಾಗಿರಬೇಕು ಎಂದು ಮರುಗಿದಳು. ಮುಡಿಪು ಮಾತ್ರ ಹಗುರವಾಗಿಯೇ ಇತ್ತು. ವಿಮಲಸೇನನ ಚಿಂತೆ ಭಾರವಾಗುತ್ತ ಹೋಯಿತು. ಸುಜೀವಾ ದಿನಕ್ಕೊಮ್ಮೆ ಫೋನು ಮಾಡಿ ಸಿಕ್ಕಿತೇ ಎಂದು ಕೇಳುತ್ತಿದ್ದಳು.

ಪೊಳೊನ್ನರುವದ ಗಲ್ ವಿಹಾರದಲ್ಲಿ ತಾಯಿ ಅವನ ತೋಳು ಜಗ್ಗಿದಳು. ಒಂದೇ ಬಂಡೆಯಲ್ಲಿ ಕಡೆದ ಮಲಗಿದ ಬುದ್ಧ. ತಲೆಯ ಕೆಳಗೆ ಕಲ್ಲಿನ ದಿಂಬು.

"ದಿಂಬು ನೋಡು. ತಲೆ ಇಟ್ಟ ಕಡೆ ತಗ್ಗಾಗಿದೆ."

ಹೌದು, ತಗ್ಗಾಗಿತ್ತು. ನಿಜವಾದ ತಲೆ ಒರಗಿದ ನಿಜವಾದ ದಿಂಬಿನಂತೆ ಕಲ್ಲು ಮೆತ್ತಗೆ ಕುಸಿದಿತ್ತು. ಕೆತ್ತಿದವನ ಕೈಗೆ ಅದೆಷ್ಟು ಪ್ರೀತಿ ಇದ್ದಿರಬೇಕು ಎನಿಸಿ ವಿಮಲಸೇನನ ಮೈ ಜುಮ್ಮೆಂದಿತು. ಇಷ್ಟು ವರ್ಷ ಕೂಗಳತೆಯಲ್ಲೇ ವ್ಯಾನು ನಿಲ್ಲಿಸಿ ಗೊರಕೆ ಹೊಡೆದಿದ್ದನಲ್ಲ! ಮುಡಿಪಿನ ವಿಷಯ ಕೇಳಲು ಅವನಿಗೆ ನೆನಪೇ ಆಗಲಿಲ್ಲ. ತಾಯಿಯೇ ಅದನ್ನು ತೂಗಿ, ಇಲ್ಲೂ ಅಲ್ಲ ಮಗಾ ಎಂದಳು.

ಕೊನೆಗೆ ಬೆಟ್ಟಗಳ ನಡುವಿನ ಮಹನುವರ. ಬುದ್ಧನ ಹಲ್ಲನ್ನಿಟ್ಟು ಪೂಜಿಸುವ ದಂತಮಂದಿರದ ಡೋಲಿನ ಸದ್ದು ಎದೆಯೊಳಗೇ ಬಾರಿಸಿದಂತಿತ್ತು. ಜನಜಂಗುಳಿಯಲ್ಲಿ ಆ ಹಲ್ಲಿನ ಕರಂಡಕ ತಾಯಿಗೆ ಕಾಣಲೆಂದು ಅವನು ಅವಳನ್ನು ಮಗುವಿನಂತೆ ಎತ್ತಿ ಹಿಡಿದ. ಕೆಳಗಿಳಿದವಳ ಕಣ್ಣು ಒದ್ದೆಯಾಗಿತ್ತು. ಇದೇ ಇರಬೇಕೆಂದು ಅವನು ಆಸೆಯಿಂದ ನೋಡಿದ. ಅವಳು ಅಲ್ಲವೆಂದು ತಲೆಯಾಡಿಸಿದಳು.

ಹಿಂತಿರುಗುವ ದಾರಿಯುದ್ದಕ್ಕೂ ಮಗಳಿಗೆ ಏನಾದರೂ ಆದರೆ ಎಂಬ ಹೆದರಿಕೆ ಅವನನ್ನು ಬಿಡಲಿಲ್ಲ. ಊರು ಬಂತು. ಮನೆಗೆ ತಿರುಗುವ ಮೂಲೆಯಲ್ಲಿ, ಊರಿನ ಬೋಧಿಮರದ ಎದುರು, ಪೊಡಿಮೆನಿಕೆ ನಿಲ್ಲಿಸು ಎಂದಳು. ಇಳಿದು ಹೋಗಿ, ಮುಡಿಪನ್ನು ಹಣೆಗೊತ್ತಿಕೊಂಡು, ಮರದ ಬುಡದಲ್ಲಿಟ್ಟು ಕೈಮುಗಿದಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆಯಾಯಿತಲ್ಲ ಎಂದು ವಿಮಲಸೇನನಿಗೆ ಸಿಟ್ಟು ಉಕ್ಕಿತು.

"ನಿನಗೆ ಮೊದಲಿಂದ್ಲೂ ಗೊತ್ತಿತ್ತಾ?"

"ಜ್ವರದ ಕೂಸು ಎತ್ಕೊಂಡು ನಾನು ಇನ್ನೆಲ್ಲಿಗೆ ಓಡ್ಲಿ? ನನ್ನ ಕಾಲು ಹೋಗಿದ್ದು ಇಲ್ಲೀತನಕ."

"ನಾವಿಬ್ರೂ ಜೀವ ಕೈಯಲ್ಲಿ ಹಿಡ್ಕೊಂಡಿದ್ವಿ, ಅಮ್ಮ."

"ಹೊರಡೋ ಮುಂಚೆ ಮರಕ್ಕೆ ನೀರು ಹಾಕಿ, ನಾಲ್ಕು ದಿನ ತಡ್ಕೋಪ್ಪ ಅಂತ ಕೇಳ್ಕೊಂಡೇ ಬಂದಿದ್ದೆ. ಅದು ತಡ್ಕೊಂಡಿದೆ." ಅವಳು ಅವನತ್ತ ತಿರುಗಿದಳು. "ನಿನ್ನ ವ್ಯಾನಲ್ಲಿ ಊರಿಗೆಲ್ಲ ಜಾಗ ಇತ್ತು. ನನಗಿರ್ಲಿಲ್ಲ. ಮುಡಿಪಿಗಾದ್ರೆ ಕೊಡ್ತೀಯ ಅಂತ ಗೊತ್ತಿತ್ತು."

ಅವನ ಸಿಟ್ಟು ಜರ್ರನೆ ಇಳಿಯಿತು. ಬಾಗಿಲಲ್ಲಿ ನಿಂತು ಕೈಮುಗಿಯುತ್ತಿದ್ದ ತಾಯಿ ಕಣ್ಣ ಮುಂದೆ ಬಂದಳು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಪೊಡಿಮೆನಿಕೆ ಸೊಂಟದಿಂದ ಒಂದು ಬಿಳಿ ಬಟ್ಟೆಯ ಚೂರನ್ನೂ ಅರಿಸಿನ ಸವರಿದ ಹೊಸ ನಾಣ್ಯವನ್ನೂ ತೆಗೆದಳು. ಉಪೇಖಾಳ ಹೆರಿಗೆ ಸುಸೂತ್ರವಾಗಲೆಂದು ಹರಕೆ.

"ಇದು ಯಾವ ಕ್ಷೇತ್ರಕ್ಕೆ?" ಎಂದ.

"ಕತರಗಾಮಕ್ಕೆ," ಎಂದಳು, ದ್ವೀಪದ ಆಚೆ ತುದಿಯ ಹೆಸರನ್ನು ಪಕ್ಕದ ಮನೆಯೆಂಬಂತೆ. "ಅದೊಂದು ನೋಡಿಲ್ಲ. ಇದನ್ನ ಮರೆಯಲ್ಲ, ಬಿಡು."

ವಿಮಲಸೇನ ನಕ್ಕುಬಿಟ್ಟ. ತಾಯಿಯ ಕೈಯಿಂದ ಬಟ್ಟೆ ತೆಗೆದುಕೊಂಡು ಗಂಟನ್ನು ತಾನೇ ಬಿಗಿದ.

"ಮಗು ಬಂದ ಮೇಲೆ ಎಲ್ರೂ ಹೋಗೋಣ. ಮುಂದಿನ ಸೀಟು ನಿಂದು," ಎಂದ. "ಆವತ್ತು ವ್ಯಾನು ಬಾಡಿಗೆಗಿಲ್ಲ."