ಆಲೂಗೆಡ್ಡೆ ಪಾಠದ ಸರದಿ

"ಮೇಡಮ್, ನಿಮ್ಮ ವೆಬ್‌ಸೈಟು ನನ್ನ ಪಾಠ ಕೆಡಿಸ್ಬುಡ್ತು!"

ಮೈತ್ರೇಯಿ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ಹಳ್ಳಿಮೈಸೂರು ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವ ಕಾಂತರಾಜು ಮೇಷ್ಟ್ರ ದನಿ ಅದು. ಮನುಷ್ಯ ಸಿಟ್ಟಿನವರಲ್ಲ. ಹಿಂದಿನ ವಾರವಷ್ಟೇ ಹಾಸನದ ಆಫೀಸಿಗೆ ಬಂದು, ಎರಡು ಲೋಟ ಕಾಫಿ ಕುಡಿದು, "ಚೆಂದಾಗೈತೆ, ಚೆಂದಾಗೈತೆ" ಎಂದು ಹೊಗಳಿ ಹೋಗಿದ್ದರು.

"ಏನಾಯ್ತು ಸರ್?"

"ನಾನು ಪ್ರಶ್ನೆ ಮೊದ್ಲು ಆಕಿದ್ದೆ. ನಿಮ್ಮದು ಅದನ್ನ ಒಯ್ದು ತಳಕ್ಕೆ ಆಕೈತೆ. ಮೇಲ್ಗಡೆ ಪಾಠ, ಅದರಲ್ಲೇ ಉತ್ತರ. ಉತ್ತರ ಓದ್ಕೊಂಡ್ಮೇಲೆ ಐಕ್ಳು ಪ್ರಶ್ನೆ ಯಾಕೆ ಓದ್ತವೆ, ನೀವೇ ಹೇಳಿ?"

ಅದು ೨೦೦೭ರ ಜುಲೈ. ಜಿಲ್ಲೆಯ ವಿಜ್ಞಾನ ಶಿಕ್ಷಕರ ಬಳಗವೊಂದು ತಮ್ಮ ಪಾಠಗಳನ್ನು ಹಂಚಿಕೊಳ್ಳಲು ವೆಬ್‌ಸೈಟು ಬೇಕೆಂದು ಕೇಳಿತ್ತು. ಜಯಂತ್ ನಡೆಸುತ್ತಿದ್ದ ಪುಟ್ಟ ಕಂಪನಿಯಲ್ಲಿ ಕೋಡ್ ಬರೆಯುವವಳು ಎಂದರೆ ಮೈತ್ರೇಯಿ ಒಬ್ಬಳೇ. ಹೊಳೆನರಸೀಪುರದಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹಿಂದಿರುಗುವ ಇಪ್ಪತ್ತೇಳರ ಹುಡುಗಿ. ಕೆಲಸದಲ್ಲಿ ಬಹಳ ಅಚ್ಚುಕಟ್ಟು. ಒಂದು ಪಾಠಕ್ಕೆ ನಾಲ್ಕು ಬಗೆಯ ಸಾಮಗ್ರಿ ಬೇಕು ಎಂದು ಶಿಕ್ಷಕರು ಹೇಳಿದ್ದರು: ಓದುವ ಬರಹ, ಚಿತ್ರ, ಪ್ರಯೋಗ, ಪ್ರಶ್ನೆ. ಒಂದೊಂದಕ್ಕೂ ಡೇಟಾಬೇಸಿನಲ್ಲಿ ಒಂದೊಂದು ಟೇಬಲ್ ಮಾಡಿದ್ದಳು. ಚಿತ್ರಕ್ಕೆ ಅಡಿಬರಹ ಬೇಕು, ಪ್ರಶ್ನೆಗೆ ಉತ್ತರ ಬೇಕು, ಪ್ರಯೋಗಕ್ಕೆ ಸಾಮಾನಿನ ಪಟ್ಟಿ ಬೇಕು. ಎಲ್ಲವನ್ನೂ ಒಂದೇ ಕಡೆ ತುರುಕಿದರೆ ರಂಪವಾಗುತ್ತದೆ ಎಂಬುದು ಅವಳ ಲೆಕ್ಕ. ಪುಟ ತೆರೆದರೆ ಮೊದಲು ಬರಹ, ಆಮೇಲೆ ಚಿತ್ರ, ಪ್ರಯೋಗ, ಕೊನೆಗೆ ಪ್ರಶ್ನೆ ಬರುತ್ತಿದ್ದವು.

"ಎಲ್ಲ ಪಾಠವೂ ಹಾಗೇ ಅಲ್ವಾ ಇರೋದು?" ಎಂದ ಜಯಂತ್. "ಮೊದಲು ಪಾಠ, ಕೊನೆಗೆ ಪ್ರಶ್ನೆ. ನೀವು, ನಾನು ಓದಿದ್ದೂ ಹಾಗೇ. ಬಿಟ್ಬಿಡಿ."

ಮೈತ್ರೇಯಿ ಬಿಡಲಿಲ್ಲ. ನಾಲ್ಕೂ ಟೇಬಲಿಗೆ 'ಸ್ಥಾನ' ಎಂಬ ಇನ್ನೊಂದು ಕಾಲಂ ಸೇರಿಸಿದಳು. ಕಾಂತರಾಜು ಅವರ ಆಲೂಗೆಡ್ಡೆ ಪಾಠದಲ್ಲಿ ಪ್ರಶ್ನೆಗೆ ಒಂದು, ಪ್ರಯೋಗಕ್ಕೆ ಎರಡು, ಚಿತ್ರಕ್ಕೆ ಮೂರು, ಬರಹಕ್ಕೆ ನಾಲ್ಕು. ನಾಲ್ಕು ಕಡೆಯಿಂದಲೂ ತಂದು ಆ ಅಂಕಿಯ ಪ್ರಕಾರ ಜೋಡಿಸಿದರೆ ಕಾಂತರಾಜು ಹೇಳಿದಂತೆಯೇ ಪುಟ ಬಂತು. ಅವಳು ನೆಮ್ಮದಿಯಿಂದ ರೈಲು ಹತ್ತಿದಳು.

ಆ ನೆಮ್ಮದಿ ಎರಡು ದಿನ ಬಾಳಿತು. ಮೂರನೆಯ ದಿನ ಚನ್ನರಾಯಪಟ್ಟಣದಿಂದ ಶ್ರೀಗೌರಿ ಎಂಬ ಹಿರಿಯ ಶಿಕ್ಷಕಿಯ ಫೋನು. "ನೋಡಮ್ಮಾ, ನಾನು ಆ ಗಿಡದ ಚಿತ್ರ ಮೊದಲು ಇಟ್ಟಿದ್ದೆ. ಯಾರು ಅದನ್ನ ಮೂರನೇದಕ್ಕೆ ತಳ್ಳಿದೋರು?"

ಯಾರೂ ತಳ್ಳಿರಲಿಲ್ಲ. ಇಬ್ಬರೂ ಬಳಸಿದ್ದು ಒಂದೇ ಚಿತ್ರ. ಚಿತ್ರದ ಮೈಮೇಲೆ ಒಂದೇ ಅಂಕಿಗೆ ಜಾಗವಿತ್ತು. ಶ್ರೀಗೌರಿ 'ಒಂದು' ಎಂದರೆ ಕಾಂತರಾಜು ಅವರ ಪಾಠ ಕೆಡುತ್ತಿತ್ತು. ಕಾಂತರಾಜು 'ಮೂರು' ಎಂದರೆ ಶ್ರೀಗೌರಿಯದು.

"ಪ್ರಶ್ನೆ ಮೊದಲು ಇಟ್ರೆ ನಿಮಗೆ ಆಗಲ್ವಾ ಮೇಡಮ್?" ಎಂದು ಮೈತ್ರೇಯಿ ಮೆಲ್ಲಗೆ ಕೇಳಿ ನೋಡಿದಳು.

"ನನ್ನ ಮಕ್ಕಳು ಪೇಟೆಯವು ಕಣಮ್ಮಾ. ಆಲೂಗೆಡ್ಡೆ ಗಿಡ ಹೇಗಿರುತ್ತೆ ಅಂತ್ಲೇ ನೋಡಿಲ್ಲ. ಗಿಡ ಕಾಣದೆ ಪ್ರಶ್ನೆ ಕೇಳಿದ್ರೆ ನನ್ನ ಮುಖ ನೋಡ್ತವೆ."

ಅದೂ ಸರಿಯೇ. ಇಬ್ಬರದೂ ಸರಿಯಾದರೆ ತಪ್ಪಿರುವುದು ತನ್ನ ಟೇಬಲುಗಳಲ್ಲೇ ಎಂದು ಮೈತ್ರೇಯಿಗೆ ಅನ್ನಿಸಿತು. ಆದರೆ ಎಲ್ಲಿ? ಒಂದು ಚಿತ್ರ ಏಕಕಾಲಕ್ಕೆ ಮೊದಲನೆಯದೂ ಮೂರನೆಯದೂ ಆಗುವುದು ಹೇಗೆ? ಪರದೆಯ ಮುಂದೆ ಕೂತು ಹೊಳೆಯದಿದ್ದಾಗ, ಈ ಪಾಠ ನಡೆಯುವುದನ್ನೇ ಒಮ್ಮೆ ನೋಡಿ ಬರೋಣ ಎಂದು ಗುರುವಾರ ಹಳ್ಳಿಮೈಸೂರಿನ ಬಸ್ಸು ಹತ್ತಿದಳು.

ಕಾಂತರಾಜು ಅವಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಕೈಚೀಲದಿಂದ ಒಂದು ಆಲೂಗೆಡ್ಡೆ ತೆಗೆದು ಎತ್ತಿ ಹಿಡಿದರು.

"ಇದು ಗಿಡದ ಬೇರೋ, ಕಾಂಡವೋ?"

"ಬೇರು ಸಾ!" ಇಡೀ ತರಗತಿ ಒಂದೇ ಉಸಿರಿಗೆ ಕೂಗಿತು.

"ಯಾಕೆ?"

"ಮಣ್ಣೊಳಗೆ ಇರ್ತದಲ್ಲ ಸಾ."

"ಮಣ್ಣೊಳಗೆ ಇರೋದೆಲ್ಲ ಬೇರಾ?" ಮೇಷ್ಟ್ರು ಗೆಡ್ಡೆಗಳನ್ನು ಬೆಂಚಿಗೊಂದರಂತೆ ಹಂಚಿದರು. ಜೊತೆಗೆ ಒಂದೊಂದು ಗೆಣಸು. ತಾವು ಕಿಟಕಿಯ ಹತ್ತಿರ ಹೋಗಿ ನಿಂತರು.

ಸ್ವಲ್ಪ ಹೊತ್ತು ಗುಜುಗುಜು. ಆಮೇಲೆ ಎರಡನೇ ಸಾಲಿನ ಆಶಾರಾಣಿ ಎಂಬ ಹುಡುಗಿ ಎದ್ದಳು. "ಸಾ, ನಮ್ಮವ್ವ ಬಿತ್ತನೆಗೆ ಗೆಡ್ಡೆ ಕುಯ್ವಾಗ ಒಂದೊಂದು ಚೂರಲ್ಲೂ ಕಣ್ಣು ಇರ್ಬೇಕು ಅಂತಾಳೆ. ಕಣ್ಣಲ್ಲೇ ಮೊಳಕೆ ಬರೋದು. ಬೇರಲ್ಲಿ ಅಂಗೆ ಕಣ್ಣು ಇರ್ತದಾ ಸಾ?"

"ಗೆಣಸಲ್ಲಿ ಕಣ್ಣಿಲ್ಲ ಕಣೇ," ಎಂದಳು ಪಕ್ಕದವಳು, ಗೆಣಸನ್ನು ತಿರುಗಿಸಿ ನೋಡುತ್ತ. "ಅದಕ್ಕೇ ಅದರ ಬಳ್ಳಿ ಕುಯ್ದು ನೆಡೋದು."

"ಅಂಗಾದ್ರೆ ಇವೆರಡೂ ಒಂದೇ ಜಾತಿ ಅಲ್ಲ!"

ಮೈತ್ರೇಯಿ ತನಗೇ ಅರಿವಿಲ್ಲದೆ ಮುಂದಕ್ಕೆ ಬಾಗಿದ್ದಳು. ಎಸೆಸೆಲ್ಸಿಯಲ್ಲಿ ಇದಕ್ಕೆ ಎರಡು ಅಂಕದ ಉತ್ತರ ಬರೆದ ನೆನಪಿತ್ತು, ಉತ್ತರ ಮಾತ್ರ ಮರೆತಿತ್ತು. ಪಕ್ಕದ ಹುಡುಗಿಯ ಕೈಯಿಂದ ಗೆಡ್ಡೆ ಇಸಿದುಕೊಂಡು ನೋಡಿದಳು. ಕಣ್ಣುಗಳು ಹೇಗೆಂದರೆ ಹಾಗೆ ಇರಲಿಲ್ಲ. ಕೊಂಬೆಯ ಮೇಲಿನ ಎಲೆಗಳ ಹಾಗೆ ಸುತ್ತಿಕೊಂಡು ಹೋಗಿದ್ದವು. ದಿನವೂ ಹೆಚ್ಚುವ ತರಕಾರಿ, ಇಷ್ಟು ವರ್ಷ ಇದನ್ನು ಕಂಡೇ ಇರಲಿಲ್ಲ. ಮೇಷ್ಟ್ರು ಬೀರುವಿನಿಂದ ಚಿತ್ರ ತೆಗೆದು ತೋರಿಸುವಷ್ಟರಲ್ಲಿ 'ಕಾಂಡ' ಎಂಬ ಉತ್ತರ ತರಗತಿಯ ಬಾಯಲ್ಲೇ ಇತ್ತು. ಪುಸ್ತಕ ತೆರೆದಿದ್ದು ಕೊನೆಯ ಐದು ನಿಮಿಷ, ತಾವು ಹೇಳಿದ್ದನ್ನು ಅದೂ ಹೇಳುತ್ತದೆಯೇ ಎಂದು ನೋಡಲು.

ಗಂಟೆ ಹೊಡೆದ ಮೇಲೆ ಅವಳು ಮೇಜಿನ ಹತ್ತಿರ ಹೋದಳು. ಸೀಮೆಸುಣ್ಣದ ಡಬ್ಬಿಯ ಕೆಳಗೆ ಒಂದು ಚೀಟಿ ಇತ್ತು: 'ಒಂದು, ಪ್ರಶ್ನೆ. ಎರಡು, ಚೀಲದ ಗೆಡ್ಡೆ. ಮೂರು, ಬೀರುವಿನ ಚಿತ್ರ. ನಾಲ್ಕು, ಪುಸ್ತಕ, ಪುಟ ೪೩.'

"ಇದೇನು ಸರ್?"

"ಮರ್ತೋಯ್ತದೆ ಅಂತ ಬರ್ಕೊಂಡಿರ್ತೀನಿ. ಬಿ ಸೆಕ್ಷನ್‌ಗೆ ಬೇರೆ ಚೀಟಿ ಐತೆ. ಅವು ಸ್ವಲ್ಪ ಗಲಾಟೆ, ಮೊದ್ಲು ಗೆಡ್ಡೆ ಕೈಗೆ ಕೊಟ್ರೇನೇ ಸುಮ್ಕಾಗೋದು."

"ಗೆಡ್ಡೆ, ಚಿತ್ರ?"

"ಅವು ಅವೇಯ. ಚೀಟಿ ಮಾತ್ರ ಬೇರೆ."

ಮೈತ್ರೇಯಿ ಆ ಚೀಟಿಯನ್ನು ಎರಡು ಸಲ ಓದಿದಳು. ಅದರಲ್ಲಿ ಚಿತ್ರವಿರಲಿಲ್ಲ, ಗೆಡ್ಡೆಯಿರಲಿಲ್ಲ, ಬರಹವಿರಲಿಲ್ಲ. ಯಾವ ಬಗೆಯದು, ಎಲ್ಲಿದೆ, ಎಷ್ಟನೆಯದು, ಇಷ್ಟೇ ಇತ್ತು. ಬೀರುವಿನೊಳಗಿನ ಚಿತ್ರಕ್ಕೆ ತಾನು ಎಷ್ಟನೆಯದು ಎಂದು ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಅದು ಪಾಠ ಮಾಡುವವರಿಗೆ ಗೊತ್ತಿದ್ದರೆ ಸಾಕು.

"ಇದನ್ನ ನಾನು ಇಟ್ಕೊಳ್ಳಲಾ ಸರ್?"

"ಅಯ್ಯೋ, ರದ್ದಿ ಕಾಗದ. ಇಟ್ಕಳಿ," ಎಂದು ಕಾಂತರಾಜು ಆಶ್ಚರ್ಯದಿಂದ ನಕ್ಕರು.

ಮರುದಿನ ಅವಳು ನಾಲ್ಕೂ ಟೇಬಲಿನಿಂದ 'ಸ್ಥಾನ'ವನ್ನು ಕಿತ್ತುಹಾಕಿ, ಹೊಸದೊಂದು ಟೇಬಲ್ ಮಾಡಿದಳು. ಹೆಸರು 'ಸರದಿ'. ಯಾವ ಶಿಕ್ಷಕರು, ಯಾವ ಸೆಕ್ಷನ್, ಯಾವ ಪಾಠ, ಯಾವ ಬಗೆಯ ಸಾಮಗ್ರಿ, ಆ ಬಗೆಯಲ್ಲಿ ಅದರ ಐಡಿ ಎಷ್ಟು, ಸ್ಥಾನ ಎಷ್ಟು. ಒಂದೊಂದು ಸಾಲೂ ಚೀಟಿಯ ಒಂದೊಂದು ಸಾಲು. ಜಯಂತ್ ಹಿಂದೆ ನಿಂತು ನೋಡಿ, "ಚಿತ್ರನೇ ಅಳಿಸಿಹಾಕಿದ್ರೆ? ಸರದಿ ಸುಮ್ಮನೆ ಇಲ್ಲದ್ದನ್ನ ತೋರಿಸ್ತಾ ಇರುತ್ತಲ್ಲ," ಎಂದ. ಅದು ನ್ಯಾಯವಾದ ಮಾತೇ. ಸಾಮಗ್ರಿಯನ್ನು ಅಳಿಸುವಾಗಲೇ ಅದನ್ನು ಕರೆಯುವ ಸಾಲುಗಳೂ ಹೋಗುವಂತೆ ಕೋಡಿನಲ್ಲಿ ಸೇರಿಸಿದಳು. ಆ ವಾರ ಕಾಂತರಾಜು ಅವರ ಪುಟದಲ್ಲಿ ಪ್ರಶ್ನೆ ಮೊದಲು, ಶ್ರೀಗೌರಿಯ ಪುಟದಲ್ಲಿ ಚಿತ್ರ ಮೊದಲು. ಚಿತ್ರ ಒಂದೇ.

ಆಗಸ್ಟ್‌ನಲ್ಲಿ ಅರಕಲಗೂಡಿನಲ್ಲಿ ಬಳಗದವರಿಗೆ ತರಬೇತಿ ಇಟ್ಟುಕೊಂಡಿದ್ದರು. ಇಪ್ಪತ್ತನಾಲ್ಕು ಜನ ಶಿಕ್ಷಕರು, ಎಂಟು ಕಂಪ್ಯೂಟರ್. "ನಿಮಗೆ ಬೇಕಾದ ಹಾಗೆ ಎತ್ತಿ ಇಡಿ, ಮಧ್ಯೆ ಸೇರಿಸಿ," ಎಂದು ಮೈತ್ರೇಯಿ ಹೆಮ್ಮೆಯಿಂದಲೇ ಹೇಳಿದಳು. ಕಾಂತರಾಜು ಒಂದನೆಯದಕ್ಕೂ ಎರಡನೆಯದಕ್ಕೂ ನಡುವೆ ಹೊಸ ಪ್ರಶ್ನೆಯೊಂದನ್ನು ಸೇರಿಸಿದರು. ಹಾಗೆ ಸೇರಿಸಿದರೆ ಎರಡು ಮೂರಾಗಬೇಕು, ಮೂರು ನಾಲ್ಕಾಗಬೇಕು, ಬಾಲದವರೆಗೂ ಎಲ್ಲ ಅಂಕಿ ಬದಲಾಗಬೇಕು. ಒಂದೊಂದು ಅಂಕಿಯೂ ಒಂದೊಂದು ಸಲ ಸರ್ವರ್ ಕಂಪ್ಯೂಟರಿಗೆ ಹೋಗುವಂತೆ ಅವಳು ಬರೆದಿದ್ದಳು. ಅರ್ಧ ಹೋಗಿತ್ತು, ಕರೆಂಟು ಹೋಯಿತು.

ಕರೆಂಟು ಬಂದಾಗ ನೋಡಿದರೆ ಪಾಠದಲ್ಲಿ ಎರಡು ಎರಡನೆಯವಿದ್ದವು, ಎರಡು ನಾಲ್ಕನೆಯವಿದ್ದವು, ಮೂರನೆಯದೇ ಇರಲಿಲ್ಲ. ಶ್ರೀಗೌರಿಯ ಪಾಠವೂ ಅದೇ ಹೊತ್ತಿಗೆ ಹಾಗೇ ಸಿಕ್ಕಿಕೊಂಡಿತ್ತು.

"ಕಾಂತರಾಜು, ಅಂತೂ ನಮ್ಮಿಬ್ಬರದೂ ಒಂದೇ ಥರ ಆಯ್ತು ನೋಡಿ," ಎಂದು ಆಕೆ ಹೇಳಿದಾಗ ಕೋಣೆಯಿಡೀ ನಕ್ಕಿತು. ಮೈತ್ರೇಯಿಯ ಮುಖ ಮಾತ್ರ ಕೆಂಪಾಯಿತು. ಅವಳು ಸಂಜೆಯವರೆಗೂ ಕೂತು ಕೈಯಿಂದಲೇ ಅಂಕಿಗಳನ್ನು ಸರಿಮಾಡಿದಳು.

ಬಸ್ಸಿನಲ್ಲಿ ಊರಿಗೆ ಬರುವಾಗ ಅವಳಿಗೆ ೧೯೯೪ರ ಬೇಸಿಗೆ ರಜೆ ನೆನಪಾಯಿತು. ಹೊಳೆನರಸೀಪುರದಲ್ಲಿ ಚಂದ್ರಶೇಖರಯ್ಯ ಎಂಬುವರು ಮನೆಯ ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದರು. ಪ್ರೋಗ್ರಾಮಿನ ಸಾಲುಗಳಿಗೆ ಅವಳು ಒಂದು, ಎರಡು, ಮೂರು ಎಂದು ಹಾಕಿದ್ದನ್ನು ಕಂಡು ಅವರು ಅಳಿಸಿ, ಹತ್ತು, ಇಪ್ಪತ್ತು, ಮೂವತ್ತು ಎಂದು ಬರೆಸಿದ್ದರು. "ಮರೆತಿದ್ದು ಆಮೇಲೆ ನೆನಪಾಗುತ್ತಮ್ಮಾ. ಅದಕ್ಕೂ ಕೂರೋಕೆ ಜಾಗ ಬೇಕಲ್ಲ."

ಸೀಟಿನಲ್ಲಿ ನೆಟ್ಟಗೆ ಕೂತಳು. ನೂರು, ಇನ್ನೂರು, ಮುನ್ನೂರು ಎಂದಿಟ್ಟರೆ ನಡುವೆ ಬರುವ ಪ್ರಶ್ನೆ ನೂರೈವತ್ತು. ಮಿಕ್ಕ ಯಾವುದನ್ನೂ ಮುಟ್ಟಬೇಕಾಗಿಲ್ಲ, ಬದಲಾಗುವುದು ಒಂದೇ ಸಾಲು. ಎಂದಾದರೂ ಸಂದು ತುಂಬಿಹೋದರೆ, ಆ ಪಾಠದ ಅಷ್ಟೂ ಅಂಕಿಗಳನ್ನು ಸರ್ವರ್‌ನಲ್ಲೇ ಒಟ್ಟಿಗೆ ಮತ್ತೆ ಹಾಕಬೇಕು; ಪೂರ್ತಿಯಾದರೆ ಆಯಿತು, ಇಲ್ಲದಿದ್ದರೆ ಹಳೆಯದೇ ಉಳಿಯಬೇಕು. ಎರಡು ದಿನದಲ್ಲಿ ಹಾಗೇ ಮಾಡಿದಳು. ಆಮೇಲೆ ಕರೆಂಟು ಎಷ್ಟೋ ಸಲ ಹೋಯಿತು, ಪಾಠಗಳು ಕದಲಲಿಲ್ಲ.

ನವೆಂಬರ್ ಹೊತ್ತಿಗೆ ಆಲೂಗೆಡ್ಡೆಯ ಆ ಒಂದು ಪಾಠಕ್ಕೆ ಹತ್ತೊಂಬತ್ತು ಸರದಿಗಳಾಗಿದ್ದವು. ಮಧ್ಯಾಹ್ನ ಊಟ ಮಾಡುತ್ತ ಮೈತ್ರೇಯಿ ಅವನ್ನು ಓದುತ್ತಿದ್ದಳು. ಅದು ಅವಳ ಕೆಲಸವಾಗಿರಲಿಲ್ಲ. ಅರಕಲಗೂಡಿನ ನಂಜಯ್ಯ ಎಂಬುವರು ಪ್ರಯೋಗದಿಂದಲೇ ಶುರು ಮಾಡುತ್ತಿದ್ದರು. ಶ್ರೀಗೌರಿ ಮೇಡಮ್ ಚಿತ್ರದ ಬೆನ್ನಿಗೇ ಈಗ ಪ್ರಶ್ನೆ ಇಟ್ಟಿದ್ದರು. ಮೊದಲು ಅದು ಕಡೆಯಲ್ಲಿತ್ತು. ಯಾವಾಗ, ಯಾಕೆ ಬದಲಾಯಿಸಿದರೋ ಎಂದು ಅವಳಿಗೆ ಕುತೂಹಲವಾಯಿತು.

ಒಂದು ಸರದಿ ಮಾತ್ರ ವಿಚಿತ್ರವಾಗಿತ್ತು. ಬೂವನಹಳ್ಳಿಯ ಬೈರಯ್ಯ ಎಂಬ ಶಿಕ್ಷಕರದು. ನೂರಕ್ಕೆ ಪ್ರಶ್ನೆ, ಇನ್ನೂರಕ್ಕೆ ಪ್ರಯೋಗ, ಅಷ್ಟೇ. ಪಾಠ ಪ್ರಕಟವಾಗಿರಲಿಲ್ಲ. ಅವರು ಹನ್ನೊಂದು ಸಲ ಪ್ರಯತ್ನಿಸಿದ್ದರು. ಹನ್ನೊಂದು ಸಲವೂ 'ಬರಹ ಸೇರಿಸಿ' ಎಂಬ ಕೆಂಪು ಸೂಚನೆ ಅವರನ್ನು ತಡೆದಿತ್ತು. ಅವಳೇ ಫೋನು ಮಾಡಿದಳು.

"ಬರಹ ಸೇರಿಸೋದು ಗೊತ್ತಾಗಲಿಲ್ವಾ ಸರ್?"

"ಗೊತ್ತು ಮೇಡಮ್. ನಂಗೆ ಬ್ಯಾಡ. ಐಕ್ಳೇ ಬರೀತವೆ. ಅವು ಬರೆದ್ಮ್ಯಾಕೆ ಅದನ್ನೇ ಕಡೇಲಿ ಆಕ್ತೀನಿ ಅಂತಿದ್ದೆ. ನಿಮ್ಮದು ಒಪ್ಪಕ್ಕಿಲ್ಲ ಅಂತೈತೆ."

"ಏನು ಬರೀಬಹುದು?"

"ಅದು ನಂಗೂ ಗೊತ್ತಿಲ್ಲ. ನೋಡ್ಬೇಕು."

ಬರಹವಿಲ್ಲದೆ ಪಾಠವಿರುವುದಿಲ್ಲ ಎಂಬ ಆ ನಿಯಮವನ್ನು ಯಾರೂ ಕೇಳಿರಲಿಲ್ಲ, ತಾನೇ ಹಾಕಿದ್ದಳು. ಫೋನು ಇಟ್ಟು, ಆ ಮೂರು ಸಾಲು ಕೋಡನ್ನು ಅಳಿಸಿದಳು.

ಡಿಸೆಂಬರ್ ಎರಡನೇ ವಾರ ಬೈರಯ್ಯನವರ ಸರದಿಯಲ್ಲಿ ಮುನ್ನೂರನೆಯ ಸ್ಥಾನಕ್ಕೆ ಒಂದು ಬರಹ ಬಂದು ಕೂತಿತ್ತು. 'ನಾವು ಮೊದಲು ಇದನ್ನು ಬೇರು ಅಂದುಕೊಂಡಿದ್ದೆವು' ಎಂದು ಶುರುವಾಗಿತ್ತು. ಮೂವತ್ತೊಂದು ಮಕ್ಕಳ ಹೆಸರು ಕೆಳಗಿತ್ತು, ನಡುವೆ ಅಲ್ಲಲ್ಲಿ ಕಾಗುಣಿತ ತಪ್ಪಿತ್ತು. ಬಿಸಿಲಿಗಿಟ್ಟ ಗೆಡ್ಡೆ ಹಸಿರಾಗುತ್ತದೆ, ಗೆಣಸು ಯಾಕೆ ಆಗುವುದಿಲ್ಲ ಎಂದು ಅವರು ಕೊನೆಯಲ್ಲಿ ಕೇಳಿದ್ದರು. ಮೈತ್ರೇಯಿಗೆ ಗೊತ್ತಿರಲಿಲ್ಲ. ಅವಳು ಕುರ್ಚಿ ತಿರುಗಿಸಿ ಜಯಂತ್‌ನನ್ನು ಕೇಳಿದಳು. ಅವನಿಗೂ ಗೊತ್ತಿರಲಿಲ್ಲ.