ಹೆಸರಿಲ್ಲದ ಸರಕು

ತಂಗಿಯ ಕಸುಬು ಜಾಹೀರಾತುಗಳಿಗೆ ದನಿ ಕೊಡುವುದು. ಸಾಬೂನು ಮಾರಬೇಕಾದರೆ ನಗುತ್ತಾಳೆ, ತಲೆನೋವಿನ ಮಾತ್ರೆ ಮಾರಬೇಕಾದರೆ ನರಳುತ್ತಾಳೆ. ಅವಳ ಅಕ್ಕ ಊರಿನ ನೀರು ಮಂಡಳಿಯ ಅಧ್ಯಕ್ಷೆ. ಈ ಸಲ ಚುನಾವಣೆಗೆ ನಿಂತಿದ್ದಳು. "ನಾನೂ ಮಾತಾಡಿ ಬದುಕ್ತೀನಿ, ನೀನೂ ಅಷ್ಟೇ. ಒಂದೇ ಹೊಟ್ಟೇಲಿ ಹುಟ್ಟಿದ್ದಂತೂ ಸುಳ್ಳಲ್ಲ ಬಿಡು" ಎಂದು ತಂಗಿ ರೇಗಿಸುತ್ತಿದ್ದಳು.

ಒಂದು ದಿನ ಸ್ಟುಡಿಯೋದಲ್ಲಿ ಅವಳ ಕೈಗೆ ನಾಲ್ಕು ಸಾಲಿನ ಹಾಳೆ ಬಂತು. ನಲ್ಲಿ ನೀರು ಕುಡಿದು ಮಗು ಕಾಯಿಲೆ ಬಿದ್ದಿದೆ, ತಾಯಿ ಅಳುತ್ತಾಳೆ. ವಾಟರ್ ಫಿಲ್ಟರ್ ಜಾಹೀರಾತು ಎಂದ ರೆಕಾರ್ಡಿಂಗ್‌ನವನು.

"ಯಾವ ಕಂಪನಿದು?"

"ಹೆಸರು ಆಮೇಲೆ ಸೇರಿಸ್ತೀವಿ ಮೇಡಂ."

ಅಲ್ಲಾ, ಇದೆಲ್ಲಾದರೂ ಉಂಟೇ? ಕೊನೆಗೆ ಸರಕಿನ ಹೆಸರನ್ನು ಒತ್ತಿ ಹೇಳಿಸುವುದಕ್ಕೆ ತಾನೇ ಅವಳನ್ನು ಕರೆಯುವುದು! ಹೆಸರೇ ಇಲ್ಲದ ಸರಕನ್ನು ಯಾವ ಪುಣ್ಯಾತ್ಮ ಮಾರುತ್ತಾನೆ? ಗಾಜಿನಾಚೆ ಕುಳಿತಿದ್ದ ಅಪರಿಚಿತನೊಬ್ಬ ಅವಳು ನೋಡಿದ ಕೂಡಲೇ ಫೋನಿನಲ್ಲಿ ಮುಖ ಹುದುಗಿಸಿದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದಿತು ಅವಳ ಮನಸ್ಸು. ಇದು ಚುನಾವಣೆಯ ಹೊತ್ತು, ಅಕ್ಕನದೋ ನೀರಿನದೇ ಕೆಲಸ. ಆಗಲೇ ಎದ್ದು ಬರಬೇಕಿತ್ತು.

"ಅಳು ಸಾಲದು. ನಿಮ್ಮ ಕೈಲಿ ಆಗಲ್ಲ ಅಂದ್ರೆ ಬೇರೆಯವರನ್ನ ಕರೀತೀವಿ" ಎಂದುಬಿಟ್ಟ ಆ ಅಪರಿಚಿತ.

ಅವಳ ಕೈಲಿ ಆಗುವುದಿಲ್ಲವಂತೆ! ಹಟ ನೆತ್ತಿಗೇರಿತು. ಗುರುತು ಸಿಗದಷ್ಟು ದನಿ ತೆಳ್ಳಗೆ ಮಾಡಿಕೊಂಡಳು. ಹಿಂದೊಮ್ಮೆ ಆಸ್ಪತ್ರೆಯ ಬೆಂಚಿನ ಮೇಲೆ, ಜ್ವರದ ಮಗಳನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ಗೋಳಿಟ್ಟದ್ದನ್ನು ನೆನೆದಳು. ಮಗು ಉಳಿದುಕೊಂಡಿತ್ತು, ಆದರೆ ಆ ಅಳು ಇವಳ ಕಿವಿಯಿಂದ ಹೋಗಿರಲಿಲ್ಲ. ಹಾಳೆಯಲ್ಲಿಲ್ಲದ ಮಾತು ಬಾಯಿಗೆ ಬಂತು. "ಕಣ್ಣು ಬಿಡೇ ಬಂಗಾರಿ, ಈ ಪಾಪಿ ಮುಖ ಒಂದ್ಸಲ ನೋಡೇ..." ಗಾಜಿನಾಚೆ ಇಬ್ಬರೂ ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯೇ ಆಯಿತು.

ಭಾನುವಾರ ಅಕ್ಕನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ರೇಡಿಯೋದಲ್ಲಿ ಹಾಡು ನಿಂತು ಗಂಡಸಿನ ದನಿ ಕೇಳಿಸಿತು: "ನೀರು ಮಂಡಳಿ ಅಧ್ಯಕ್ಷೆಗೆ ಮತ ಹಾಕುವ ಮುನ್ನ, ಈ ತಾಯಿಯ ಮಾತು ಕೇಳಿ." ಹಿಂದೆಯೇ ಆ ತೆಳ್ಳನೆಯ ದನಿ. ತಂಗಿ ತಲೆ ಬಗ್ಗಿಸಿ ಈರುಳ್ಳಿಯನ್ನು ಇನ್ನೂ ಬೇಗ ಬೇಗ ಹೆಚ್ಚಿದಳು.

ಅಕ್ಕ ಒಲೆ ಆರಿಸಿದಳು. "ಅಯ್ಯೋ, ಯಾವ ಬೀದಿಯವಳೋ ಏನೋ! ಮಗು ಹೇಗಿದ್ಯೋ! ಈಗ್ಲೇ ಹುಡುಕ್ಕೊಂಡು ಹೋಗ್ಬೇಕು."

"ಬಿಡಕ್ಕಾ, ಬರೀ ನಾಟಕ! ದುಡ್ಡು ಕೊಟ್ರೆ ಯಾರು ಬೇಕಾದ್ರೂ ಅಳ್ತಾರೆ" ಎಂದಳು ತಂಗಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅವಳನ್ನು ಯಾರು ಕೇಳಿದ್ದರು?

"ಮಗು ವಿಷಯದಲ್ಲಿ ಯಾರಾದ್ರೂ ಸುಳ್ಳು ಅಳ್ತಾರೇನೇ?" ಎನ್ನುತ್ತಾ ಅಕ್ಕ ಗಾಡಿಯ ಕೀಗೆ ಕೈ ಚಾಚಿದಳು.

"ಕಣ್ಣು ಬಿಡೇ ಬಂಗಾರಿ, ಈ ಪಾಪಿ ಮುಖ ಒಂದ್ಸಲ ನೋಡೇ..." ಎಂದಿತು ರೇಡಿಯೋ.

ಚಾಚಿದ ಕೈ ಅಲ್ಲೇ ನಿಂತಿತು. ಅಕ್ಕ ಮೆಲ್ಲಗೆ ತಿರುಗಿದಳು. "ಅದು ನನ್ನ ಮಾತು. ಆವತ್ತು ಆಸ್ಪತ್ರೆ ಬೆಂಚಿನ ಮೇಲೆ ನನ್ನ ಪಕ್ಕ ಇದ್ದವಳು ನೀನೊಬ್ಳೇ."

ತಂಗಿಯ ಕಣ್ಣು ತುಂಬಿ ಬಂತು. ಈರುಳ್ಳಿಯಿಂದಲ್ಲ, ನಿಜವಾಗಿಯೇ. ಏನೋ ಹೇಳಲು ಬಾಯಿ ತೆರೆದಳು.

"ಬೇಡ" ಎಂದಳು ಅಕ್ಕ. "ನೀನು ಅತ್ರೆ ಇನ್ಮೇಲೆ ನಾನು ನಂಬಲ್ಲ."